ಅಸಲು ಮುಟ್ಟದ ಬಟ್ಟೆ

ನಾಸಿಕ್ ನಗರದ ದಕ್ಷಿಣಕ್ಕೆ, ಮುಂಬೈ ಹೆದ್ದಾರಿಯ ಮಗ್ಗುಲಲ್ಲಿ ತ್ರಿರಶ್ಮಿ ಬೆಟ್ಟವಿದೆ. ಊರವರ ಬಾಯಲ್ಲಿ ಅದು ಪಾಂಡವಲೇಣಿ. ಮೆಟ್ಟಿಲು ಹತ್ತಿ ಹೋದರೆ ಬೌದ್ಧ ಭಿಕ್ಷುಗಳಿಗಾಗಿ ಕಡೆದ ಗುಹೆಗಳು ಸಾಲಾಗಿ ಸಿಗುತ್ತವೆ. ಹತ್ತನೆಯ ಗುಹೆಯ ಮೊಗಸಾಲೆಯ ಗೋಡೆಯಲ್ಲಿ ಬ್ರಾಹ್ಮೀ ಲಿಪಿಯ ಶಾಸನಗಳಿವೆ. ಅವುಗಳಲ್ಲೊಂದು ಸುಮಾರು 1,900 ವರ್ಷಗಳ ಹಿಂದಿನ ಒಂದು ಠೇವಣಿಯ ಲೆಕ್ಕ. ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತ ಈ ಗುಹೆಯ ಜೊತೆಗೆ ಮೂರು ಸಾವಿರ ಕಾರ್ಷಾಪಣ ನಾಣ್ಯಗಳನ್ನೂ ಸಂಘಕ್ಕೆ ದಾನ ಮಾಡಿದ. ಹಣವನ್ನು ಇರಿಸಿದ್ದು ಹತ್ತಿರದ ಗೋವರ್ಧನದಲ್ಲಿದ್ದ ನೇಕಾರರ ಎರಡು ಶ್ರೇಣಿಗಳಲ್ಲಿ, ಅಂದರೆ ಕಸುಬಿನ ಸಂಘಗಳಲ್ಲಿ. ಒಂದು ಶ್ರೇಣಿಗೆ ಎರಡು ಸಾವಿರ, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದಕ್ಕೆ ಸಾವಿರ, ನೂರಕ್ಕೆ ಮುಕ್ಕಾಲು. ಮೊದಲ ಠೇವಣಿಯ ಬಡ್ಡಿ ಮಳೆಗಾಲದಲ್ಲಿ ಈ ಗುಹೆಯಲ್ಲಿ ತಂಗುವ ಇಪ್ಪತ್ತು ಭಿಕ್ಷುಗಳು ತೊಡುವ ಚೀವರಕ್ಕೆ, ತಲೆಗೆ ಹನ್ನೆರಡು ಕಾರ್ಷಾಪಣ. ಕೂಡಿಸಿ ನೋಡಬಹುದು: ಎರಡು ಸಾವಿರಕ್ಕೆ ತಿಂಗಳಿಗೆ 20, ವರ್ಷಕ್ಕೆ 240, ಇಪ್ಪತ್ತು ಜನರಿಗೆ ಹಂಚಿದರೆ ಸರಿಯಾಗಿ ಹನ್ನೆರಡು.

ಶಾಸನ ಇನ್ನೊಂದು ಮಾತು ಸೇರಿಸುತ್ತದೆ. ಈ ಹಣವನ್ನು ಹಿಂದಿರುಗಿಸುವಂತಿಲ್ಲ, ಅನುಭವಿಸುವುದು ಬಡ್ಡಿಯನ್ನು ಮಾತ್ರ. ಇದನ್ನು ನಿಗಮಸಭೆಯಲ್ಲಿ ಸಾರಿ, ರೂಢಿಯಂತೆ ಹಲಗೆಯಲ್ಲಿ ದಾಖಲಿಸಿದರು. ಅಸಲು ಸದಾ ಮಗ್ಗದಲ್ಲಿ ದುಡಿಯುತ್ತಿರಬೇಕು, ಭಿಕ್ಷುವಿನ ಮೈಮೇಲೆ ಬರುವುದು ಅದರ ಫಲ ಮಾತ್ರ ಎಂಬುದು ಆ ಕರಾರು.

ಬಟ್ಟೆಯನ್ನು ಧರ್ಮದ ಪ್ರಶ್ನೆಯಾಗಿ ನೋಡಬೇಕೆನ್ನುವವರು ಈ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಇವತ್ತಿನ ಜವಳಿ ಉದ್ಯಮ ಬಡ್ಡಿಯಲ್ಲಿ ಬದುಕುತ್ತಿಲ್ಲ, ಅಸಲನ್ನೇ ಕರಗಿಸುತ್ತಿದೆ. ನೆಲದಡಿಯ ನೀರು, ಮಣ್ಣಿನ ಸಾರ, ಕೋಟ್ಯಂತರ ವರ್ಷಗಳಲ್ಲಿ ಕೂಡಿದ ಕಲ್ಲೆಣ್ಣೆ, ಹೊಲಿಯುವವರ ಕಣ್ಣು ಮತ್ತು ಬೆನ್ನು ಎಲ್ಲವೂ ಅಸಲೇ. ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಪಾಲಿಯೆಸ್ಟರ್, ಅಂದರೆ ಪೆಟ್ರೋಲಿಯಂ. ವರ್ಷಕ್ಕೆ ಸುಮಾರು 9.2 ಕೋಟಿ ಟನ್ ಬಟ್ಟೆ ಕಸವಾಗುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹೇಳುತ್ತದೆ. ಚಿಲಿಯ ಅಟಕಾಮ ಮರುಭೂಮಿಯಲ್ಲಿ ಉಡದ, ಹರಿಯದ ಅಂಗಿಗಳೂ ಗುಡ್ಡೆಗುಡ್ಡೆಯಾಗಿ ಬಿದ್ದಿವೆ.

ಆ ಶಾಸನದಲ್ಲಿ ಇನ್ನೊಂದು ವಿಷಯವೂ ಅಡಗಿದೆ. ರಾಜಮನೆತನದ ದಾನಿಯೊಬ್ಬ ತನ್ನ ಹಣವನ್ನು ಕಾಯಲು ನಂಬಿದ್ದು ನೇಕಾರರನ್ನು. ಆ ಕಾಲಕ್ಕೆ ಮಗ್ಗವೇ ಬ್ಯಾಂಕು. ಇವತ್ತು ಅದೇ ಕಸುಬಿನವರು ನೂಲಿಗೂ ಮನೆಖರ್ಚಿಗೂ ಸಾಹುಕಾರನ ಹತ್ತಿರ ಕೈ ಒಡ್ಡುತ್ತಾರೆ. 2019-20ರ ನಾಲ್ಕನೆಯ ಕೈಮಗ್ಗ ಗಣತಿಯಲ್ಲಿ ದೇಶದ ನೇಕಾರರು ಮತ್ತು ಪೂರಕ ಕೆಲಸಗಾರರ ಸಂಖ್ಯೆ 35 ಲಕ್ಷ ದಾಟಿತ್ತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಮೂರರಲ್ಲಿ ಸುಮಾರು ಎರಡು ಪಾಲು ಕುಟುಂಬಗಳ ತಿಂಗಳ ಆದಾಯ ಐದು ಸಾವಿರ ರೂಪಾಯಿಗಿಂತ ಕಡಿಮೆಯಿತ್ತು. ಸಾಲ ಕೊಡುತ್ತಿದ್ದ ಕೈ ಸಾಲ ಬೇಡುವ ಕೈಯಾಗಿದೆ.

ಭಿಕ್ಷುಗಳ ಬಟ್ಟೆಗೆ ಬೌದ್ಧ ಸಂಘದ ನಿಯಮಗ್ರಂಥವಾದ ವಿನಯ ಪಿಟಕದಲ್ಲಿ ಬಹಳ ವಿವರವಾದ ನಿಯಮಗಳಿವೆ. ಹೊಸ ಹಾಸುಗಂಬಳಿ ಮಾಡಿಸಿಕೊಂಡರೆ ಅದನ್ನು ಆರು ವರ್ಷ ಬಳಸಬೇಕು. ಕೂರುವ ಕಂಬಳಿ ಹೊಸದಾಗಿ ಮಾಡಿಸುವಾಗ ಹಳೆಯದರ ಒಂದು ತುಂಡನ್ನು ಅದಕ್ಕೆ ಸೇರಿಸಲೇಬೇಕು, ಹೊಸದರ ಅಂದ ಅಷ್ಟು ಕುಂದಲಿ ಎಂಬ ಕಾರಣಕ್ಕೆ. ಚೀವರವನ್ನು ಇಡೀ ಬಟ್ಟೆಯಿಂದ ಹೊಲಿಯುವಂತಿಲ್ಲ. ತುಂಡು ತುಂಡಾಗಿ ಕತ್ತರಿಸಿ, ಮಗಧದ ಗದ್ದೆಗಳ ಬದುಗಳಂತೆ ಜೋಡಿಸಿ ಹೊಲಿಯಬೇಕು. ಕತ್ತರಿಸಿದ ಬಟ್ಟೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಕಳ್ಳನಿಗೂ ಬೇಡ.

ಇವೆಲ್ಲಕ್ಕಿಂತ ಸೊಗಸಾದದ್ದು ಕೌಶಾಂಬಿಯ ಪ್ರಸಂಗ. ವಿನಯ ಪಿಟಕದ ಚುಲ್ಲವಗ್ಗದಲ್ಲಿ ಬರುವ ಕಥೆಯಿದು. ದೊರೆ ಉದಯನನ ರಾಣಿಯರು ಬುದ್ಧನ ಶಿಷ್ಯ ಆನಂದನಿಗೆ ಐನೂರು ಮೇಲುಹೊದಿಕೆಗಳನ್ನು ಕೊಟ್ಟುಬಿಡುತ್ತಾರೆ. ಭಿಕ್ಷುವೊಬ್ಬನಿಗೆ ಇಷ್ಟೊಂದು ಏಕೆ, ಇವನೇನು ಜವಳಿ ಅಂಗಡಿ ಇಡುತ್ತಾನೆಯೇ ಎಂದು ದೊರೆಗೆ ಸಿಟ್ಟು. ಹೋಗಿ ಕೇಳುತ್ತಾನೆ. ಚೀವರ ಹರಿದುಹೋದ ಭಿಕ್ಷುಗಳಿಗೆ ಹಂಚುತ್ತೇನೆ ಎನ್ನುತ್ತಾನೆ ಆನಂದ. ಅವರ ಹಳೆಯ ಚೀವರಗಳು? ಹಾಸಿಗೆಯ ಮೇಲಿನ ಹೊದಿಕೆಯಾಗುತ್ತವೆ. ಹಳೆಯ ಹೊದಿಕೆಗಳು? ಹಾಸಿಗೆಯ ಗವಸಾಗುತ್ತವೆ. ಹಳೆಯ ಗವಸುಗಳು ನೆಲಹಾಸಾಗುತ್ತವೆ, ಹಳೆಯ ನೆಲಹಾಸು ಕಾಲೊರಸಾಗುತ್ತದೆ, ಕಾಲೊರಸು ದೂಳು ಒರೆಸುವ ಅರಿವೆಯಾಗುತ್ತದೆ. ಕೊನೆಗೆ ಆ ಅರಿವೆಯನ್ನು ಚೂರುಚೂರು ಮಾಡಿ, ಮಣ್ಣಿನಲ್ಲಿ ಕಲಸಿ, ನೆಲಕ್ಕೆ ಸಾರಿಸುತ್ತೇವೆ. ದೊರೆಯ ಸಿಟ್ಟು ಇಳಿಯಿತು. ಅವನೂ ಮತ್ತೆ ಐನೂರು ಕೊಟ್ಟ.

ಈ ಸರಪಳಿಯಲ್ಲಿ ಒಂದು ಎಳೆಯೂ ಎಲ್ಲಿಯೂ ಕಸವಾಗಿಲ್ಲ. ಇವತ್ತು ಕಂಪನಿಗಳು ಮರುಬಳಕೆಯ ಬಗ್ಗೆ ಆಡುವ ಮಾತಿನ ತಿರುಳೂ ಇದೇ. ಆದರೆ ಆನಂದನ ಸರಪಳಿಯ ಕೊನೆಯ ಕೊಂಡಿ ಈಗ ಮುರಿದಿದೆ. ಹತ್ತಿಯ ಜೊತೆ ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನು ಮಣ್ಣಿನಲ್ಲಿ ಕಲಸಿದರೆ ಹತ್ತಿ ಮಣ್ಣಾಗುತ್ತದೆ, ಪ್ಲಾಸ್ಟಿಕ್ ಹಾಗೇ ಉಳಿಯುತ್ತದೆ. ಒಗೆದಾಗಲೆಲ್ಲ ಅದರ ಸೂಕ್ಷ್ಮ ಎಳೆಗಳು ಉದುರಿ ಹೊಳೆ ಸೇರುತ್ತವೆ. ಪ್ಲಾಸ್ಟಿಕ್ ಬಾಟಲಿಯಿಂದ ಅಂಗಿ ಮಾಡಿದೆವೆಂದು ಹೇಳಿಕೊಳ್ಳುವ ಕಂಪನಿಗಳು ಈ ಕೊಂಡಿಯನ್ನು ಬೆಸೆದಿಲ್ಲ. ಬಾಟಲಿ ಮತ್ತೆ ಬಾಟಲಿಯಾಗಬಹುದಿತ್ತು. ಅಂಗಿಯಾದ ಮೇಲೆ ಅದರ ದಾರಿ ಬಹುಮಟ್ಟಿಗೆ ಕಸದ ಗುಂಡಿಗೇ.

ಹಾಗೆಂದು ಬೌದ್ಧರು ಚೆಲುವಿಗೆ ಬೆನ್ನು ತಿರುಗಿಸಿದವರಲ್ಲ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತಾದಲ್ಲಿ ತೇಪೆಯ ಚೀವರ ತೊಟ್ಟವರ ವಾಸದ ಗುಹೆಗಳ ಗೋಡೆ ತುಂಬ ಬಣ್ಣದ ಬಟ್ಟೆಗಳ ಮೆರವಣಿಗೆಯೇ ಇದೆ. ಒಂದನೆಯ ಮತ್ತು ಹದಿನೇಳನೆಯ ಗುಹೆಗಳಲ್ಲಿ ರಾಜಕುಮಾರಿಯರು, ಸೇವಕರು, ದೂರದೇಶದವರು ಉಟ್ಟಿರುವ ಪಟ್ಟೆಪಟ್ಟೆಯ ಬಟ್ಟೆಗಳನ್ನು, ಇಕ್ಕತ್ ನೇಯ್ಗೆಯನ್ನು ನೆನಪಿಸುವ ವಿನ್ಯಾಸಗಳನ್ನು ಜವಳಿಯ ಇತಿಹಾಸಕಾರರು ಇಂದಿಗೂ ಅಧ್ಯಯನ ಮಾಡುತ್ತಾರೆ. ಚೆಲುವನ್ನು ಕಣ್ತುಂಬ ನೋಡಿ, ಬೇಕಾದಷ್ಟನ್ನೇ ಮೈಗೆ ಇಟ್ಟುಕೊಂಡು ಬಾಳಿದ ಜನ ಅವರು. ಅದೇ ಜಿಲ್ಲೆಯ ಎಲ್ಲೋರದಲ್ಲಿ ರಾಷ್ಟ್ರಕೂಟ ಕೃಷ್ಣ ಕೈಲಾಸ ದೇವಾಲಯ ಕಡೆಸಿದ. ಅದೇ ಬೆಟ್ಟಸಾಲಿನಲ್ಲಿ ಸ್ವಲ್ಪ ದೂರದ ಜೈನ ಗುಹೆಗಳಲ್ಲಿ ಒಂದೆಳೆ ಬಟ್ಟೆಯೂ ಇಲ್ಲದ ತೀರ್ಥಂಕರರು ನಿಂತಿದ್ದಾರೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳಿದ್ದು ಇದೇ ರಾಷ್ಟ್ರಕೂಟರ ಕಾಲದಲ್ಲಿ. ಬಟ್ಟೆಯ ಕುರಿತ ಈ ವಾದ ಕನ್ನಡಿಗರಿಗೆ ಹೊರಗಿನದಲ್ಲ.

ರೇಷ್ಮೆಯ ದಾರಿಯಂತೂ ನೇರವಾಗಿ ಕರ್ನಾಟಕದಿಂದಲೇ ಹೊರಡುತ್ತದೆ. ಪೈಠಣಿ ಸೀರೆಗೆ ಹೆಸರು ಕೊಟ್ಟ ಪೈಠಣ, ಶಾತವಾಹನರ ರಾಜಧಾನಿ ಪ್ರತಿಷ್ಠಾನ, ಇರುವುದು ಸಂಭಾಜಿನಗರ ಜಿಲ್ಲೆಯಲ್ಲಿ. ಇವತ್ತು ಆ ಸೀರೆಯ ದೊಡ್ಡ ನೆಲೆ ನಾಸಿಕ್ ಜಿಲ್ಲೆಯ ಯೇವಲಾ. ಅಲ್ಲಿ ನೇಯುವ ರೇಷ್ಮೆ ನೂಲು ಬಹುಪಾಲು ಬೆಂಗಳೂರಿನ ಪೇಟೆಯಿಂದ ಹೋದದ್ದು, ಜರಿ ಸೂರತ್ತಿನದು. ಪೈಠಣಿಯ ಸೆರಗು ನೇಯುವುದನ್ನು ಹತ್ತಿರದಿಂದ ನೋಡಿದರೆ ಅದರ ಬೆಲೆ ಏಕೆ ಅಷ್ಟೆಂದು ಯಾರೂ ಕೇಳುವುದಿಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ಪುಟ್ಟ ಕಂಡಿಕೆ. ನವಿಲಿನ ಕತ್ತಿನ ನೀಲಿ ಮುಗಿದು ಜರಿಯ ನೆಲ ಶುರುವಾಗುವ ಕಡೆ ನೇಕಾರ ಎರಡು ಎಳೆಗಳನ್ನು ಬೆರಳಿನಿಂದಲೇ ಒಂದಕ್ಕೊಂದು ಕೊಂಡಿ ಹಾಕುತ್ತಾನೆ, ಹಣಿಗೆಯಿಂದ ಬಡಿಯುತ್ತಾನೆ, ಮುಂದಿನ ಸಾಲಿಗೆ ಹೋಗುತ್ತಾನೆ. ಹಿಂದೆ ತೇಲುವ ಎಳೆಯೇ ಇಲ್ಲ. ಹಾಗಾಗಿ ಸೆರಗನ್ನು ಮಗುಚಿದರೆ ಒಳಮೈಯೂ ಹೊರಮೈಯಷ್ಟೇ ಚೊಕ್ಕ. ಸರಳ ಸೀರೆಯೊಂದಕ್ಕೆ ತಿಂಗಳು ಹಿಡಿದರೆ ಸೆರಗು ತುಂಬ ಕೆಲಸವಿರುವುದಕ್ಕೆ ವರ್ಷವೂ ಆಗುವುದುಂಟು.

ಇನ್ನು ಹುಳುವಿನ ಲೆಕ್ಕ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು ಆರೇಳು ಕಿಲೋ ಗೂಡು ಬೇಕು. ಗೂಡೊಂದರ ತೂಕ ಎರಡು ಗ್ರಾಂ ಆಸುಪಾಸು. ಅಂದರೆ ಕಿಲೋ ರೇಷ್ಮೆಗೆ ಮೂರು ಸಾವಿರದಷ್ಟು ಜೀವ. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಯಿಂದ ಗೂಡು ತಂದ ರೀಲರ್ ಅದನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾನೆ. ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಉದ್ದದ ಎಳೆ ಸಿಗದು, ಆದ್ದರಿಂದ ಅದು ಒಳಗೇ ಸಾಯಬೇಕು. ನಮ್ಮಲ್ಲಿ ಪೂಜೆಗೆ ಮಡಿಯೆಂದರೆ ರೇಷ್ಮೆ. ಸಾವಿನ ಮೈಲಿಗೆಯನ್ನು ಅಷ್ಟು ಎಣಿಸುವ ಮನೆಗಳಲ್ಲಿ ಈ ಸಾವಿಗೆ ಏಕೆ ಲೆಕ್ಕವಿಲ್ಲ?

ಈ ಪ್ರಶ್ನೆಗೆ ಗೋದಾವರಿಯ ದಂಡೆಯಲ್ಲಿ ನೆಲೆಸಿದ ಒಂದೊಂದು ಧರ್ಮವೂ ಒಂದೊಂದು ಉತ್ತರ ಕೊಟ್ಟಿದೆ. ವಿನಯ ಪಿಟಕ ಭಿಕ್ಷುವಿನ ಹಾಸುಗಂಬಳಿಗೆ ರೇಷ್ಮೆ ಬೆರೆಸುವುದನ್ನು ನಿಷೇಧಿಸಿತು. ಅದರ ಹಿನ್ನೆಲೆಯ ಕಥೆ ಮನಸ್ಸಿಗೆ ನಾಟುವಂಥದು. ಕೆಲವು ಭಿಕ್ಷುಗಳು ರೇಷ್ಮೆಗಾರರ ಬಳಿ ಹೋಗಿ, ಒಂದಷ್ಟು ಹುಳು ಬೇಯಿಸಿ ನಮಗೂ ಕೊಡಿ ಎನ್ನುತ್ತಾರೆ. ಹೆಂಡಿರು ಮಕ್ಕಳ ಹೊಟ್ಟೆಪಾಡಿಗೆ ನಾವು ಇಷ್ಟು ಜೀವ ತೆಗೆಯುವುದೇ ನಮ್ಮ ದುರದೃಷ್ಟ, ಅದು ಇಲ್ಲದ ನಿಮಗೇಕೆ ಇದು ಎಂದು ರೇಷ್ಮೆಗಾರರು ನೊಂದುಕೊಳ್ಳುತ್ತಾರೆ. ನಿಯಮ ಹುಟ್ಟಿದ್ದು ಆ ದುಡಿಯುವವರ ನೋವಿನಿಂದ. ಜೈನರಲ್ಲಿ ಅನೇಕರು ರೇಷ್ಮೆಯನ್ನು ಬಿಟ್ಟೇಬಿಟ್ಟರು. ಇಸ್ಲಾಂ ಗಂಡಸರಿಗೆ ಅಪ್ಪಟ ರೇಷ್ಮೆ ಬೇಡವೆಂದಿತು, ವೈಭವದ ಸೊಕ್ಕಿಗೆ ಕಡಿವಾಣವಾಗಿ. ಆಗ ನೇಕಾರರು ಹೊರಗೆ ರೇಷ್ಮೆಯ ಹೊಳಪು, ಮೈಗೆ ತಾಗುವ ಕಡೆ ಹತ್ತಿ ಇರುವ ಮಶ್ರೂ ನೇಯ್ದರು. ಔರಂಗಾಬಾದ್ ಎಂಬ ಹೆಸರಿದ್ದಾಗಿನಿಂದ ಸಂಭಾಜಿನಗರದ ಹೆಮ್ಮೆಯಾದ ಹಿಮ್ರೂ ಕೂಡ ಹತ್ತಿಯ ಹಾಸಿನೊಡನೆ ರೇಷ್ಮೆಯ ಹೊಕ್ಕು ಕೂಡಿಸಿದ ಬಟ್ಟೆ. ನಮ್ಮ ಕಾಲದಲ್ಲಿ ಹೈದರಾಬಾದಿನ ಕುಸುಮ ರಾಜಯ್ಯ ಚಿಟ್ಟೆ ಹೊರಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆದು ಅಹಿಂಸಾ ರೇಷ್ಮೆ ಮಾಡಿ ತೋರಿಸಿದರು. ದೊಡ್ಡ ಪ್ರಯತ್ನವೇ. ಆದರೆ ಸಾವಿರಾರು ವರ್ಷ ಸಾಕಿ ಪಳಗಿಸಿದ ಆ ಚಿಟ್ಟೆಗೆ ಹಾರಲು ಬರದು. ನಾಲ್ಕೈದು ನೂರು ಮೊಟ್ಟೆಯಿಟ್ಟು ಕೆಲವೇ ದಿನದಲ್ಲಿ ಸಾಯುತ್ತದೆ. ಆ ಮೊಟ್ಟೆಯೆಲ್ಲ ಮರಿಯಾದರೆ ಹಾಕಲು ಹಿಪ್ಪುನೇರಳೆ ಸೊಪ್ಪು ಎಲ್ಲಿದೆ?

ಹಾಗಾದರೆ ಹತ್ತಿ ಅಹಿಂಸೆಯ ಬಟ್ಟೆಯೇ? ಒಂದು ಟೀ ಶರ್ಟಿನ ಹತ್ತಿಗೆ ಸುಮಾರು 2,700 ಲೀಟರ್ ನೀರು ಎಂಬ ಅಂದಾಜು ಎಲ್ಲರ ಬಾಯಲ್ಲೂ ಇದೆ. ಮರಾಠವಾಡದ ಹತ್ತಿ ಬಹುಪಾಲು ಮಳೆ ನಂಬಿದ್ದು, ಅಲ್ಲಿ ಬೆಲೆ ತೆರುವುದು ನೀರಿಗಿಂತ ಹೆಚ್ಚಾಗಿ ರೈತ. 2002ರಲ್ಲಿ ಕಾಯಿಕೊರಕ ಹುಳುವನ್ನು ತಡೆಯಲೆಂದು ಬಿಟಿ ಹತ್ತಿ ಬಂತು. ಕೆಲವು ವರ್ಷಗಳಲ್ಲಿ ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಂಡಿತು. ಔಷಧಿಯ ಖರ್ಚು ಮತ್ತೆ ಏರಿತು, ಸಾಲ ಏರಿತು. 2017ರಲ್ಲಿ ಪಕ್ಕದ ವಿದರ್ಭದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ವಿಷವೇರಿ ಸತ್ತರು. ಅದಕ್ಕೂ ಮುಂಚೆ, 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದಾಗ ಅಗ್ಗದ ಅಂಗಿ ಹೊಲಿಯುತ್ತಿದ್ದ 1,100ಕ್ಕೂ ಹೆಚ್ಚು ಜನ ಮಣ್ಣುಗೂಡಿದರು. ರೇಷ್ಮೆಯ ಸಾವು ಕಣ್ಣಿಗೆ ಕಾಣುತ್ತದೆ, ಎಣಿಸಬಹುದು. ಹತ್ತಿ ಮತ್ತು ಪಾಲಿಯೆಸ್ಟರಿನ ಸಾವು ಬಿಲ್ಲಿನಲ್ಲಿ ಕಾಣುವುದಿಲ್ಲ.

ನಾರು ಯಾವುದೆಂದು ಕೇಳಿದರೆ ಬಟ್ಟೆಯ ಧರ್ಮ ತೀರ್ಮಾನವಾಗುವುದಿಲ್ಲ. ಎಷ್ಟು ಬಟ್ಟೆ, ಎಷ್ಟು ಕಾಲ ಎಂದು ಕೇಳಬೇಕು. ಮೂರು ತಲೆಮಾರು ಉಡುವ ಒಂದು ಪೈಠಣಿ ಒಂದೇ ಸಲ ಜೀವ ತೆಗೆದು, ಅಜ್ಜಿಯ ಧಾರೆಗೂ ಮೊಮ್ಮಗಳ ಸೀಮಂತಕ್ಕೂ ಆಗುತ್ತದೆ. ಅದೇ ನವಿಲು ಅಚ್ಚೊತ್ತಿದ ಪಾಲಿಯೆಸ್ಟರ್ ಸೀರೆ ಒಂದೆರಡು ಸಲ ಉಟ್ಟ ಮೇಲೆ ಮೂಲೆ ಸೇರುತ್ತದೆ. ಬೀರುವಿನಲ್ಲಿ ಮಡಿಸಿಟ್ಟು ಒಮ್ಮೆಯೂ ಉಡದ ಹತ್ತನೆಯ ರೇಷ್ಮೆ ಸೀರೆಗೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಅಹಿಂಸೆಯನ್ನು ನಾರಿನಲ್ಲಿ ಹುಡುಕಿ ಸುಸ್ತಾದವರಿಗೆ ಅಪರಿಗ್ರಹದಲ್ಲಿ, ಅಂದರೆ ಬೇಕಾದಷ್ಟಕ್ಕಿಂತ ಹೆಚ್ಚು ಕೂಡಿಡದಿರುವುದರಲ್ಲಿ, ದಾರಿ ಸಿಗುತ್ತದೆ ಎಂಬುದು ಈ ಲೇಖನದ ನಿಲುವು.

ಆದರೆ ಅಪರಿಗ್ರಹವನ್ನು ಯಾರಿಗೆ ಉಪದೇಶಿಸುವುದು? ಯೇವಲಾದಲ್ಲಿ ಪೈಠಣಿಯ ಮಗ್ಗಗಳ ಜೊತೆಗೇ ಇನ್ನೊಂದು ನೆನಪೂ ಇದೆ. 1935ರ ಅಕ್ಟೋಬರ್ 13ರಂದು ಡಾ. ಬಿ.ಆರ್. ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದು ಇದೇ ಊರಿನಲ್ಲಿ. ಅದಕ್ಕೆ ಐದು ವರ್ಷ ಮುಂಚೆ ನಾಸಿಕ್‌ನ ಕಾಳಾರಾಮ ದೇವಾಲಯದ ಬಾಗಿಲಲ್ಲಿ ಸತ್ಯಾಗ್ರಹ ಶುರುವಾಗಿತ್ತು. ಅದಕ್ಕೂ ಮುಂಚೆ, 1927ರ ಡಿಸೆಂಬರ್‌ನಲ್ಲಿ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಆ ಪುಸ್ತಕದ ಹತ್ತನೆಯ ಅಧ್ಯಾಯ ಚಂಡಾಲರು ಹೆಣದ ಬಟ್ಟೆಯನ್ನೇ ಉಡಬೇಕೆಂದು ವಿಧಿಸುತ್ತದೆ. ಅದನ್ನು ಸುಟ್ಟ ಬಳಿಕ ಅಂಬೇಡ್ಕರ್ ಅಲ್ಲಿ ಸೇರಿದ್ದ ದಲಿತ ಹೆಂಗಸರಿಗೆ, ಮೇಲ್ಜಾತಿಯವರಂತೆಯೇ ಮೈತುಂಬ ಸೀರೆ ಉಡಿ, ಜಾತಿಯ ಗುರುತು ಸಾರುವ ಒಡವೆಗಳನ್ನು ಕಳಚಿ ಎಂದು ಹೇಳಿದರು. ಹೆಂಗಸರು ಹಾಗೆಯೇ ಉಟ್ಟರು.

ಇಲ್ಲಿ ಒಂದು ಕ್ಷಣ ತಡೆದು ಯೋಚಿಸಬೇಕು. ಬೌದ್ಧ ಭಿಕ್ಷುವೂ ಸ್ಮಶಾನದಿಂದ, ತಿಪ್ಪೆಯಿಂದ ಆಯ್ದ ಬಟ್ಟೆಯ ಚೀವರ ತೊಡುತ್ತಿದ್ದ. ಹೆಣದ ಮೇಲಿನ ಬಟ್ಟೆ ಒಂದೇ. ಒಬ್ಬ ಅದನ್ನು ತಾನಾಗಿ ಆಯ್ದುಕೊಂಡ, ಅದು ತಪಸ್ಸಾಯಿತು. ಇನ್ನೊಬ್ಬನ ಮೇಲೆ ಅದನ್ನು ಹೇರಲಾಯಿತು, ಅದು ಅವಮಾನವಾಯಿತು. 1921ರ ಸೆಪ್ಟೆಂಬರ್‌ನಲ್ಲಿ ಮಧುರೆಯಲ್ಲಿ ಗಾಂಧೀಜಿ ತುಂಡುಪಂಚೆಗೆ ಇಳಿದದ್ದು ಲಂಡನ್ನಿನ ಸೂಟು ತೊಟ್ಟು ನೋಡಿದ ಮೇಲೆ. ಸೂಟು ತೊಟ್ಟೇ ನಿಂತ ಅಂಬೇಡ್ಕರ್ ಅದೇ ನ್ಯಾಯದ ಇನ್ನೊಂದು ತುದಿ. ಕಡಿಮೆ ಮಾಡಬೇಕಾದವರು ಇರುವವರು. ದೀಪಾವಳಿಗೆ ವರ್ಷಕ್ಕೊಂದೇ ಹೊಸ ಅಂಗಿ ಕಾಣುವ ಮಗುವಿನ ಮುಂದೆ ಪರಿಸರದ ಪಾಠ ಹೇಳುವುದು ಅನ್ಯಾಯ. ವಾರಕ್ಕೊಂದು ಪಾರ್ಸೆಲ್ ಬಿಚ್ಚುವ ಮನೆಗಳಲ್ಲಿ ಆ ಪಾಠ ಶುರುವಾಗಲಿ.

ಕನ್ನಡದಲ್ಲಿ ಈ ವಿಚಾರಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಮುದನೂರಿನ ದೇವರ ದಾಸಿಮಯ್ಯ ಮಗ್ಗದಲ್ಲಿ ಕೂತೇ ದೇವರನ್ನು ಕಂಡವನು. ಅವನ ಹಿಂದೆ ಬಂದ ಶರಣರು ದುಡಿದದ್ದರಲ್ಲಿ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ದಾಸೋಹಕ್ಕೆ ಕೊಡುವ ದಾರಿ ಹಾಕಿದರು. ಆ ದಾರಿಯ ಇವತ್ತಿನ ಒಂದು ರೂಪ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಇದೆ. ರಂಗಕರ್ಮಿ ಪ್ರಸನ್ನ ತೊಂಬತ್ತರ ದಶಕದಲ್ಲಿ ಹಳ್ಳಿಯ ಹೆಂಗಸರೊಡನೆ ಕಟ್ಟಿದ ಚರಕ ಸಹಕಾರ ಸಂಘ ಕೈಮಗ್ಗದ ಹತ್ತಿ ಬಟ್ಟೆಗೆ ಅಡಿಕೆ ಚೊಗರಿನಂಥ ಬಣ್ಣ ಹಾಕಿ, ದೇಸಿ ಅಂಗಡಿಗಳ ಮೂಲಕ ಮಾರುತ್ತ ಬಂದಿದೆ. ಕೈ ಉತ್ಪನ್ನಗಳಿಗೆ ಜಿಎಸ್‌ಟಿ ಶೂನ್ಯವಾಗಬೇಕೆಂದು ಪ್ರಸನ್ನ 2017ರಲ್ಲಿ ಬೆಂಗಳೂರಿನಲ್ಲಿ ಉಪವಾಸ ಕೂತರು. ಮೈಬಗ್ಗಿಸಿ ದುಡಿದದ್ದಕ್ಕೂ ಯಂತ್ರ ಉಗುಳಿದ್ದಕ್ಕೂ ಒಂದೇ ತಕ್ಕಡಿ ಹಿಡಿಯಬಾರದು ಎಂಬ ಅವರ ವಾದ ನ್ಯಾಯವಾದದ್ದು. ಸರ್ಕಾರಗಳು ಅದನ್ನು ಇಂದಿಗೂ ಪೂರ್ತಿ ಒಪ್ಪಿಲ್ಲ.

ಹೊಳೆಗಳ ಮಾತು ಉಳಿದಿದೆ. ತೀರ್ಥಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ನೀರಿನಲ್ಲೇ ಬಿಟ್ಟರೆ ಪಾಪ ಕಳೆಯುತ್ತದೆ ಎಂಬ ನಂಬಿಕೆ ಅನೇಕ ಕಡೆ ಬೆಳೆದಿದೆ. ಧರ್ಮಸ್ಥಳದ ನೇತ್ರಾವತಿ ಸ್ನಾನಘಟ್ಟದಲ್ಲಿ ಇಂಥ ಬಟ್ಟೆಗಳನ್ನು ರಾಶಿರಾಶಿಯಾಗಿ ಎತ್ತಿ ಹಾಕಬೇಕಾಗಿ ಬಂದಿದೆ. 2025ರ ಮಾರ್ಚ್‌ನಲ್ಲಿ ಕರ್ನಾಟಕದ ಪರಿಸರ ಸಚಿವ ಈಶ್ವರ ಖಂಡ್ರೆ ತೀರ್ಥಕ್ಷೇತ್ರಗಳ ನದಿಗಳಲ್ಲಿ ಬಟ್ಟೆ ಬಿಡುವುದನ್ನು ತಡೆಯಬೇಕೆಂದು ಅಧಿಕಾರಿಗಳಿಗೆ ಸೂಚಿಸಿದರು. 2027ರಲ್ಲಿ ನಾಸಿಕ್‌ನಲ್ಲಿ ಸಿಂಹಸ್ಥ ಕುಂಭಮೇಳ. ಕೋಟಿಗಟ್ಟಲೆ ಜನ ಗೋದಾವರಿಯಲ್ಲಿ ಮುಳುಗೇಳುತ್ತಾರೆ. ಅವರಲ್ಲಿ ಬೀದರ, ಕಲಬುರಗಿ, ಬೆಳಗಾವಿಯ ಕನ್ನಡಿಗರೂ ಇರುತ್ತಾರೆ. ಅವರು ಒದ್ದೆ ಬಟ್ಟೆಯನ್ನು ಅಲ್ಲಿನ ಸ್ನಾನಘಟ್ಟ ರಾಮಕುಂಡದಲ್ಲಿ ಬಿಡದೆ ಹಿಂಡಿ ಚೀಲಕ್ಕೆ ಹಾಕಿಕೊಂಡು ಬರಲಿ, ಮನೆಯಲ್ಲಿ ಒಗೆದು ಮತ್ತೆ ಉಡಲಿ. ನದಿಗೆ ಸೀರೆ ಅರ್ಪಿಸಲೇಬೇಕೆಂಬ ಹರಕೆಯಿದ್ದವರಿಗೂ ಒಂದು ದಾರಿಯಿದೆ. ನಮ್ಮ ದೇವಿಯ ಗುಡಿಗಳಲ್ಲಿ ಅಮ್ಮನಿಗೆ ಬಂದ ಸೀರೆಯನ್ನು ಹರಾಜು ಹಾಕಿ, ಭಕ್ತರು ಪ್ರಸಾದವೆಂದು ಕೊಂಡು ಉಡುವ ರೂಢಿ ಹಿಂದಿನಿಂದಲೂ ಇದೆ. ಗಂಗೆ, ಗೋದಾವರಿ, ನೇತ್ರಾವತಿಗೆ ಬರುವ ಸೀರೆಗಳನ್ನೂ ನೀರಿಗೆ ಬಿಡುವ ಮುಂಚೆಯೇ ದಡದಲ್ಲಿ ಹೀಗೆ ಪಡೆದು, ಉಡುವವರ ಕೈಗೆ ಮುಟ್ಟಿಸುವ ಏರ್ಪಾಡನ್ನು ದೇವಸ್ಥಾನಗಳ ಆಡಳಿತ ಮಂಡಳಿಗಳು ಕುಂಭಮೇಳಕ್ಕೆ ಮುಂಚೆಯೇ ಮಾಡಬೇಕು.